19ನೇ ನಂಬರಿನ ಹಂಗಾಮಿ ನೌಕರ

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರಸ್ಟ್ ಗೇಟು ಚೈನು ಕಡಿದುಕೊಂಡು, ರಾಜೀನಾಮೆ ಪತ್ರವನ್ನೂ ಕೊಡದೆ ಹೊಳೆ ಪಾಲಾಯಿತು. ಆ ಜಾಗಕ್ಕೆ ತುರ್ತಾಗಿ ನೇಮಕವಾದದ್ದು ಐದು ಉಕ್ಕಿನ ತುಂಡುಗಳ ಸ್ಟಾಪ್‌ಲಾಗ್. 2025ರ ಮಳೆಗಾಲದಲ್ಲಿ ಅದನ್ನು ಡ್ಯೂಟಿಯ ಮೇಲಿದ್ದಾಗಲೇ ಮಾತಾಡಿಸಿದೆವು.

ಕೆಲಸಕ್ಕೆ ಸೇರಿದ ಮೊದಲ ದಿನ ಹೇಗಿತ್ತು?

ಬ್ಯಾರೆ ಕಡೆ ಕುರ್ಚಿ ತೋರಿಸಿ, ಚಾ ಕೊಡಿಸಿ, ‘ನಿಧಾನಕ್ಕ ಕಲೀರಿ’ ಅಂತಾರ್ರಿ. ನನ್ನ ಕ್ರೇನಿಗೆ ನೇತುಹಾಕಿ, ನೀರು ನುಗ್ಗೋ ಬಾಯಿ ತೋರಿಸಿ, ‘ಅದೇ ನಿನ್ನ ಸೀಟು, ಕೂಡು’ ಅಂದ್ರು.

ತರಬೇತಿ ಕೊಟ್ಟವರು ಯಾರು?

ನಿವೃತ್ತಿಯಾಗಿದ್ದ ತಜ್ಞ ಕನ್ನಯ್ಯ ನಾಯ್ಡು ಅವರನ್ನ ಕರೆಸಿದ್ರು. ಖಾಲಿ ಹುದ್ದೆಗೆ ಹಂಗಾಮಿ, ಹಂಗಾಮಿಗೆ ಹೇಳಿಕೊಡಾಕ ನಿವೃತ್ತರು. ಸರ್ಕಾರಿ ಆಫೀಸು ಕಂಡೋರಿಗೆ ಇದೇನು ಹೊಸದಲ್ಲ ಬಿಡ್ರಿ.

ಸ್ವಾಗತವಂತೂ ಜೋರಾಗಿತ್ತು!

ಉಪಮುಖ್ಯಮಂತ್ರಿ ಬಂದ್ರು, ಮುಖ್ಯಮಂತ್ರಿ ಬಂದ್ರು, ಟೀವಿಯವರು ಬಂದ್ರು. ಆಗ ನಾನಿನ್ನೂ ತೋರಣಗಲ್ಲಿನ ಜಿಂದಾಲ್‌ನಾಗ, ಹೊಸಪೇಟೆ ಕಡೆ ವರ್ಕ್‌ಶಾಪಿನಾಗ ಬಿಡಿಬಿಡಿಯಾಗಿ ಬೆಸುಗೆ ಹಾಕಿಸ್ಕೊಂತಿದ್ದೆ. ಸಂಡೂರು ಸೀಮೆ ಅದಿರು ಲಾರಿ ಹತ್ತಿ ದೇಶಾಂತರ ಹೋಗಿದ್ದೂ ಉಂಟು. ಊರ ಮಗ್ಗುಲಾಗೇ ನೌಕರಿ ಸಿಕ್ಕಿದ್ದು ನನ್ನ ಪುಣ್ಯ. 16ಕ್ಕ ಮೊದಲ ತುಂಡು ಕೂತಾಗ ಚಪ್ಪಾಳೆಯೋ ಚಪ್ಪಾಳೆ. 17ಕ್ಕ ಐದೂ ಕೂತ್ವು. 18ಕ್ಕ ನನ್ನ ಕಡೆ ತಿರುಗಿ ನೋಡಿದ್ದು ಮೀನು ಮಾತ್ರ.

ಹಿರಿಯ ಸಹೋದ್ಯೋಗಿಗಳು ಹೇಗೆ?

ಉಳಿದ 32 ಗೇಟಿಗೂ ಎಪ್ಪತ್ತು ವರ್ಷದ ಸರ್ವಿಸು. ‘ಅವನು ಕೊಚ್ಕೊಂಡು ಹೋದ ಮ್ಯಾಲೆ ನಮ್ಮ ಆರೋಗ್ಯ ವಿಚಾರಿಸ್ತಾರ’ ಅಂತ ಗೊಣಗ್ತಾವ. 105 ಟಿಎಂಸಿ ಹಿಡಿಯೋ ಜಲಾಶಯಕ್ಕ ಈ ಸಲ 80ರ ಮಿತಿ ಹಾಕ್ಯಾರ. ಮುದುಕರ ಹೆಗಲ ಮ್ಯಾಲಿನ ಭಾರ ಇಳೀತು, ಕಂಪ್ಲಿ ಭತ್ತದ ರೈತರ ಎದೆ ಮ್ಯಾಲೆ ಕೂತ್ತು. ಎರಡನೇ ಬೆಳೆಗೆ ನೀರು ಬರ್ತದೋ ಇಲ್ಲೋ ಅಂತ ಅವರು ಕೇಳಿದ್ರ, ನಾನು ಹಂಗಾಮಿ, ಏನು ಹೇಳ್ಲಿ?

ನಿಮ್ಮ ಅರ್ಹತೆಯ ಬಗ್ಗೆ ಆಕ್ಷೇಪ ಇದೆಯಂತೆ?

ಖರೆ ಐತ್ರಿ. ಗೇಟು ಅಂದ್ರ ತೆರೀಬೇಕು, ಮುಚ್ಚಬೇಕು. ನನಗ ಮುಚ್ಚೋದಷ್ಟೇ ಬರ್ತದ. ಹೊಳಿ ಉಕ್ಕಿದಾಗ ಹಿರಿಯರು ಬಾಗಿಲು ಎತ್ತಿ ಹಂಪಿಯ ಪುರಂದರ ಮಂಟಪ ಮುಳುಗಿಸ್ತಾರ, ಕಂಪ್ಲಿ ಸೇತುವೆ ಮ್ಯಾಲೆ ಓಡಾಟ ನಿಲ್ಲಿಸ್ತಾರ. ಟೀವಿಯಾಗ ಬರೋವ್ರೂ ಅವರೇ. ನಾನು ಬಾಯಿ ಮುಚ್ಕೊಂಡು ಕೂತಿರ್ತೀನಿ. ಗುತ್ತಿಗೆ ನೌಕರನಿಗೆ ಇದಕ್ಕಿಂತ ದೊಡ್ಡ ಅರ್ಹತೆ ಯಾವುದ್ರಿ?

ಕಾಯಂ ಗೇಟು ಬಂದಾಗ ಚಾರ್ಜ್ ಹೇಗೆ ಕೊಡುತ್ತೀರಿ?

ಹಾರ, ಭಾಷಣ ಎಲ್ಲಾ ಮುಗೀಲಿ. ಆಮ್ಯಾಲೆ ಕಿವಿಯಾಗ ಹೇಳ್ತೀನಿ: ತಮ್ಮಾ, ಚೈನಿಗೆ ಗ್ರೀಸ್ ಹಚ್ಚೋನ ಹೆಸರು, ಫೋನ್ ನಂಬರು ಮೊದಲು ಬರಕೋ.