ತಿದ್ದುಶಾಸ್ತ್ರ ಪ್ರವೇಶಿಕೆ: ಆದವಾನಿ ಸೀಮೆಯ ಅಭ್ಯಾಸ ಪ್ರಬಂಧವೊಂದರ ಆಧಾರದಲ್ಲಿ

ಅನುಬಂಧ ಚತುಷ್ಟಯ

ಯಾವ ಶಾಸ್ತ್ರವೇ ಆಗಲಿ, ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಮೊದಲು ಹೇಳಬೇಕೆಂಬುದು ಹಿರಿಯರ ಕಟ್ಟಳೆ. ಅದರಂತೆ, ವಿಷಯ: ಹೊರನಾಡ ಕನ್ನಡಿಗರ ಮಕ್ಕಳು ಕರ್ನಾಟಕದ ಸಿಇಟಿಯ ಜೊತೆಗೆ ಬರೆಯಬೇಕಾದ ಕನ್ನಡ ಭಾಷಾ ಪರೀಕ್ಷೆಗಾಗಿ ಮನೆಯಲ್ಲಿ ಬರೆದು ನೋಡುವ ಪ್ರಬಂಧ. ಪ್ರಯೋಜನ: ಬೆಂಗಳೂರಿನಲ್ಲೋ ದಾವಣಗೆರೆಯಲ್ಲೋ ಒಂದು ಇಂಜಿನಿಯರಿಂಗ್ ಸೀಟು. ಸಂಬಂಧ: ಪ್ರಬಂಧಕ್ಕೂ ಇಂಜಿನಿಯರಿಂಗಿಗೂ ಇರುವಂಥದು, ಅದು ಅನಿರ್ವಚನೀಯ. ಅಧಿಕಾರಿ: ತಿದ್ದಲು ಅರ್ಹನಾದವನು. ಕೇಳದೆಯೇ ಕೆಂಪು ಪೆನ್ನು ತೆಗೆಯುವವನು ಉತ್ತಮಾಧಿಕಾರಿ; ಕೇಳಿದ ಮೇಲೆ ತೆಗೆಯುವವನು ಮಧ್ಯಮ; ಪೂರ್ತಿ ಓದಿದ ಮೇಲೆ ತೆಗೆಯುವವನು ಅಧಮ.

ಪರೀಕ್ಷಾ ಸ್ವರೂಪ ನಿರೂಪಣೆ

ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಈ ಪರೀಕ್ಷೆಗೆ 50 ಅಂಕ. 12 ಬಂದರೆ ದಡ ಸೇರಿದ ಹಾಗೆ. ಮಟ್ಟ ನಾಲ್ಕನೇ ತರಗತಿಯದು. ಇಲ್ಲಿ ಬಂದ ಅಂಕ ರ‍್ಯಾಂಕಿಗೆ ಕೂಡುವುದೂ ಇಲ್ಲ. ಇಂಟರ್‌ನಲ್ಲಿ ಅರೆವಾಹಕಗಳನ್ನು ಅರೆದು ಕುಡಿದ ಹುಡುಗಿ ಒಂದು ದಿನದ ಮಟ್ಟಿಗೆ ಒಂಬತ್ತು ವರ್ಷದವಳಾಗಿ ‘ನಮ್ಮ ಊರು’ ಎಂದು ಹತ್ತು ಸಾಲು ಬರೆಯಲು ಕಲಿತರೆ ಸಾಕು.

ಸೂತ್ರ 1: ಪರೀಕ್ಷೆ ಕೇಳುವುದು ಕಡಿಮೆಯಾದಷ್ಟೂ ಮನೆಯವರು ಕೇಳುವುದು ಹೆಚ್ಚು.

ವೃತ್ತಿ: ಕಲನದ ಲೆಕ್ಕ ತಪ್ಪಿದರೆ ಮನೆಯಲ್ಲಿ ಯಾರೂ ಬಾಯಿ ಬಿಡುವುದಿಲ್ಲ, ಅದು ಬಾರದ ವಿದ್ಯೆ. ‘ನಮ್ಮ ಊರು’ ಮಾತ್ರ ಎಲ್ಲರಿಗೂ ಬರುತ್ತದೆ. ಆದ್ದರಿಂದ ಹುಡುಗಿಗೆ ಕಠಿಣವಾದದ್ದರಲ್ಲಿ ಪೂರ್ಣ ಸ್ವಾತಂತ್ರ್ಯ, ಸುಲಭವಾದದ್ದರಲ್ಲಿ ಪೂರ್ಣ ಪಾರತಂತ್ರ್ಯ.

ಸೂತ್ರ 2: ಟೀಕೆಯ ಮೇಲೆ ಟೀಕೆ ಈ ನೆಲದ ಕಸುಬು.

ವೃತ್ತಿ: ಮಂತ್ರಾಲಯ ಈ ಸೀಮೆಯದೇ. ಅಂದಿನ ಮಂಚಾಲೆಯನ್ನು ರಾಯರಿಗೆ ಕೊಟ್ಟವನು ಆದವಾನಿಯನ್ನು ಆಳುತ್ತಿದ್ದ ಸಿದ್ದಿ ಮಸೂದ್ ಖಾನ್ ಎಂದು ಮಠದ ಪರಂಪರೆ ಹೇಳುತ್ತದೆ. ಬ್ರಹ್ಮಸೂತ್ರಕ್ಕೆ ಮಧ್ವರ ಅನುವ್ಯಾಖ್ಯಾನ, ಅದಕ್ಕೆ ಜಯತೀರ್ಥರ ನ್ಯಾಯಸುಧಾ, ಅದಕ್ಕೆ ರಾಘವೇಂದ್ರರ ಪರಿಮಳ. ಇಂಥ ನೆಲದಲ್ಲಿ ಹತ್ತು ಸಾಲಿಗೆ ನಾಲ್ಕು ಸುತ್ತು ವ್ಯಾಖ್ಯಾನ ಹುಟ್ಟಿದರೆ ಅಚ್ಚರಿಯೇನಿಲ್ಲ. ಒಂದು ಭೇದವನ್ನು ಮಾತ್ರ ಮುಂದೆ ಸಿದ್ಧಾಂತದಲ್ಲಿ ಹೇಳಲಾಗುವುದು.

ಮೂಲಪಾಠ

“ನಮ್ಮ ಊರು ಆದವಾನಿ. ಇಲ್ಲಿ ಕ್ವಾಟೆ ಐತಿ. ಹತ್ತಿ ಮಾರ್ಕೆಟ್ ಬಾಳ ದೊಡ್ಡದು. ಜಿನ್ನು ಶುರುವಾದ್ರ ಹತ್ತಿ ಎಳಿ ಹಾರಿ ಬಂದು ಅವ್ವ ಒಣಗಾಕಿದ ಬಟ್ಟಿ ಮ್ಯಾಲೆ ಕೂಡ್ತಾವ. ಅವ್ವ ಬೈಕೊಂತ ಜಾಡಿಸ್ತಾಳ.”

ತಿದ್ದುವವರ ವರ್ಗೀಕರಣ

ಅ) ಪ್ರಾಚೀನರು. 1953ಕ್ಕೆ ಮುಂಚೆ ಅಕ್ಷರ ಕಲಿತವರು. ಆಗ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಮದ್ರಾಸ್ ರಾಜ್ಯದ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಆ ವರ್ಷದ ಅಕ್ಟೋಬರ್ 1ರಂದು ಜಿಲ್ಲೆ ಹರಿದು ಇವು ಮೂರೂ ಹೊಸ ಆಂಧ್ರಕ್ಕೆ ಹೋದವು. ಬಳ್ಳಾರಿ ಮೈಸೂರಿಗೆ ಸೇರಿತು. ಅಜ್ಜ ಕೂತ ಕಟ್ಟೆ ಬಿಟ್ಟು ಏಳದೆಯೇ ಹೊರನಾಡಿಗರಾದರು. “ಯವ್ವಾ, ‘ಐತಿ’ ಅಂತ ಬರಿಬ್ಯಾಡ, ‘ಇರುತ್ತದೆ’ ಅನ್ನು. ಇಲ್ಲಾಂದ್ರ ನಮ್ಮನ್ನ ಕನ್ನಡದವರಂತ ಯಾರು ನಂಬ್ತಾರ?” ಎಂದು ‘ಐತಿ’ಯಲ್ಲೇ ಯೋಚಿಸಿ ‘ಇರುತ್ತದೆ’ಯಲ್ಲಿ ತಿದ್ದುತ್ತಾರೆ. ಇವರ ಕೆಂಪು ಶಾಯಿ ಮೊಮ್ಮಗಳ ಮೇಲಲ್ಲ, ಗಡಿ ಎಳೆದವರ ಮೇಲೆ.

ಆ) ಲಿಪಿವಾದಿಗಳು. ಇವರಿಗೆ ಅರ್ಥ ಗೌಣ, ಅಕ್ಷರವೇ ಪ್ರಧಾನ. ಹುಡುಗಿ ಶಾಲೆಯಲ್ಲಿ ತೆಲುಗು ಓದಿದವಳಾದ್ದರಿಂದ ಕನ್ನಡ ಅಕ್ಷರಗಳಿಗೆ ತೆಲುಗು ತಲೆಕಟ್ಟು ಬರುತ್ತದೆ. ಅದರ ಆಕಾರವೋ, ಮೇಷ್ಟ್ರು ಹಾಕುವ ರೈಟು ಗುರುತಿನದೇ. ಪರಿಣಾಮವಾಗಿ ತಿದ್ದುವ ಮೊದಲೇ ಪುಟದ ಬಹುತೇಕ ಅಕ್ಷರಗಳಿಗೆ ಅವಳೇ ರೈಟು ಹಾಕಿಕೊಂಡಂತಾಗಿ, ಮೌಲ್ಯಮಾಪನದ ಬುಡವೇ ಅಲುಗುತ್ತದೆ.

ಇ) ದೂರಸ್ಥರು. ಶಿವಮೊಗ್ಗದ ಸೋದರಮಾವ ಈ ವರ್ಗದ ಮಾದರಿ. ಫೋಟೋ ತರಿಸಿಕೊಂಡು ವಾಟ್ಸಾಪಿನಲ್ಲಿ ಧ್ವನಿ ಕಳಿಸುತ್ತಾರೆ. “ಊರಿನ ಪ್ರಬಂಧ ಅಂದಮೇಲೆ ಪ್ರಕೃತಿ ಬರಬೇಕಮ್ಮಾ” ಎಂಬುದು ಇವರ ಮತ. ಏಪ್ರಿಲ್ ಬಿಸಿಲಲ್ಲಿ ಬಂಡೆಗುಡ್ಡ ನೋಡುತ್ತ ಕೂತವಳಿಗೆ ಪ್ರಕೃತಿ ಎಲ್ಲಿಂದ ತರುವುದೆಂಬುದನ್ನು ಇವರು ವಿವರಿಸಿಲ್ಲ.

ಈ) ಶೂನ್ಯವಾದಿಗಳು. ಕೋಚಿಂಗ್ ಸೆಂಟರಿನವರು. “ಇದಕ್ಕೆ ನಾಲ್ಕು ಆಪ್ಶನ್ ಎಲ್ಲಿ?” ಎಂದು ಕೇಳಿ ಮುಂದಿನ ಲೆಕ್ಕಕ್ಕೆ ಹೋಗುತ್ತಾರೆ. ಪ್ರಬಂಧಕ್ಕೆ ಅತಿ ಕಡಿಮೆ ಹಾನಿ ಮಾಡಿದವರು ಇವರೇ ಎಂಬುದನ್ನು ದಾಖಲಿಸಬೇಕಾಗಿದೆ.

ಪಾಠಾಂತರ

ನಾಲ್ಕು ಸುತ್ತಿನ ಪರಿಷ್ಕರಣದ ನಂತರ ದೊರೆತ ಪಾಠ: “ನಮ್ಮ ಊರು ಆದವಾನಿ. ಇದು ನಿಸರ್ಗ ರಮಣೀಯವಾದುದು. ಇಲ್ಲಿ ಒಂದು ಕೋಟೆಯು ಇರುತ್ತದೆ. ಎತ್ತ ನೋಡಿದರೂ ಹಸಿರು. ತೋಟಗಳಲ್ಲಿ ಅಡಿಕೆ ಮರಗಳು ತಲೆದೂಗುತ್ತವೆ. ಜನರು ಸೌಹಾರ್ದದಿಂದ ಬಾಳುತ್ತಾರೆ.” ಹತ್ತಿ ಮಾಯ, ಅವ್ವ ಮಾಯ. ಕೋಟೆ ಅಜ್ಜನ ಕೃಪೆಯಿಂದ ಉಳಿದಿದೆ. ಈ ಊರು ತೀರ್ಥಹಳ್ಳಿಯ ಆಚೀಚೆ ಎಲ್ಲೋ ಇರಬೇಕೆಂದು ವಿದ್ವಾಂಸರು ಊಹಿಸಬಹುದು.

ಪೂರ್ವಪಕ್ಷ

‘ಬಟ್ಟಿ’, ‘ಮ್ಯಾಲೆ’ ಎಂದು ಬರೆದರೆ ಅಂಕ ಹೋಗದೇ? ಗಡಿಯಾಚೆಯಿಂದ ಬಂದವಳು ಒಂದು ಕೈ ಮಿಗಿಲಾಗಿ ಶುದ್ಧವಾಗಿರಬೇಡವೇ?

ಸಿದ್ಧಾಂತ

ಅಂಕ ಹೋಗಬಹುದು, ಹೋಗಲೆಂದೇ 38 ಅಂಕಗಳನ್ನು ಬಿಟ್ಟಿದ್ದಾರೆ. ತಿದ್ದಬೇಡಿ ಎಂಬುದೂ ನಮ್ಮ ಮತವಲ್ಲ. ‘ಬಟ್ಟಿ’ಯನ್ನು ‘ಬಟ್ಟೆ’ ಮಾಡುವುದು ತಿದ್ದುವಿಕೆ; ಬಟ್ಟೆಯನ್ನೇ ತಂತಿಯಿಂದ ತೆಗೆದುಹಾಕುವುದು ಕಳವು. ಮೇಲೆ ಹೇಳಿದ ಭೇದ ಇದೇ: ಪರಿಮಳ ಬರೆದವರು ನ್ಯಾಯಸುಧೆಯನ್ನು ಹೊಡೆದುಹಾಕಲಿಲ್ಲ. ಎಷ್ಟು ಮೆಟ್ಟಿಲು ವ್ಯಾಖ್ಯಾನ ಕಟ್ಟಿದರೂ ಕೆಳಗೆ ಮೂಲ ಹಾಗೇ ಇತ್ತು. ನಮ್ಮ ವ್ಯಾಖ್ಯಾನಕಾರರು ಮೂಲದ ಜಾಗದಲ್ಲಿ ತಾವೇ ಕೂತರು. ಆ ಹತ್ತಿ ಎಳೆಯ ಸಾಲನ್ನು ಆದವಾನಿಯ ಮಗುವಲ್ಲದೆ ಬೇರೆ ಯಾರೂ ಬರೆಯಲಾರರು. ಅಡಿಕೆ ಮರದ ಸಾಲನ್ನು ಯಾವ ಗೈಡ್ ಪುಸ್ತಕವೂ ಬರೆದೀತು. ಅವಳು ಕನ್ನಡದವಳು ಎಂಬುದಕ್ಕೆ ಪರೀಕ್ಷೆ ಕೇಳುವ ಪುರಾವೆ ಆ ಸಾಲಿನಲ್ಲೇ ಇತ್ತು. ಅದನ್ನು ಕನ್ನಡದ ಹೆಸರಿನಲ್ಲೇ ಹೊಡೆದುಹಾಕಿದರು.

ಫಲಶ್ರುತಿ

ಈ ಪ್ರಕರಣವನ್ನು ಪರೀಕ್ಷೆಯ ಹಿಂದಿನ ರಾತ್ರಿ ಓದಿದ ವಿದ್ಯಾರ್ಥಿಗೆ 12 ಅಂಕ ತಪ್ಪದು. ಓದಿಸಿ ಕೇಳಿ ಸುಮ್ಮನಿದ್ದ ಅಜ್ಜನಿಗೆ ಮೊಮ್ಮಗಳ ಕಾಲೇಜಿನ ಪಕ್ಕದಲ್ಲೇ ಒಳ್ಳೆಯ ಹೋಟೆಲು ಸಿಗುವುದು. ಓದುತ್ತಲೇ ಕೆಂಪು ಪೆನ್ನಿಗಾಗಿ ಜೇಬು ತಡಕಿದವನು ಮುಂದಿನ ಜನ್ಮದಲ್ಲಿ ಮತ್ತೆ ನಾಲ್ಕನೇ ತರಗತಿಯಲ್ಲಿ ಹುಟ್ಟಿ, ‘ನಮ್ಮ ಊರು’ ಬರೆದು, ಸೋದರಮಾವನಿಗೆ ತೋರಿಸುವನು.