ಅಂತೆ-ಮೀಮಾಂಸೆ ಅಥವಾ ಹೈಸ್ಕೂಲು ಉಪಮೆಯ ಶಾಸ್ತ್ರೀಯ ವಿಚಾರ

ಉಪಮೆಯ ಇತಿಹಾಸದಲ್ಲಿ ಮೂರು ಘಟ್ಟಗಳು. ದಂಡಿ ಕಾವ್ಯಾದರ್ಶದಲ್ಲಿ ಅದಕ್ಕೆ ಮೂವತ್ತಕ್ಕೂ ಹೆಚ್ಚು ಪ್ರಭೇದ ಹೇಳಿದ್ದು ಮೊದಲನೆಯದು. 9ನೆಯ ಶತಮಾನದ ಕವಿರಾಜಮಾರ್ಗ ತನ್ನ ಮೂರನೆಯ ಪರಿಚ್ಛೇದವನ್ನು ಅರ್ಥಾಲಂಕಾರಗಳಿಗೆ ಬಿಟ್ಟುಕೊಟ್ಟದ್ದು ಎರಡನೆಯದು. ಎಸ್ಸೆಸ್ಸೆಲ್ಸಿ ಪ್ರಶ್ನೆಪತ್ರಿಕೆ ಅದನ್ನೆಲ್ಲ 3 ಅಂಕಕ್ಕೆ ಇಳಿಸಿದ್ದು ಮೂರನೆಯದು. ಮೊದಲೆರಡರ ಮೇಲೆ ವಿದ್ವಾಂಸರು ಬೇಕಾದಷ್ಟು ಬರೆದಿದ್ದಾರೆ. ಮೂರನೆಯದಕ್ಕೆ ಭಾಷ್ಯವಿಲ್ಲ, ಗೈಡು ಮಾತ್ರ ಇದೆ. ಆ ಕೊರತೆ ನೀಗಿಸಲು ಈ ಪ್ರಬಂಧ.

ಮೊದಲು ಲಕ್ಷಣ. ಯಾವುದನ್ನು ವರ್ಣಿಸುತ್ತೇವೋ ಅದು ಉಪಮೇಯ, ಯಾವುದಕ್ಕೆ ಹೋಲಿಸುತ್ತೇವೋ ಅದು ಉಪಮಾನ, ಎರಡಕ್ಕೂ ಸಲ್ಲುವ ಗುಣ ಸಮಾನಧರ್ಮ, ಇವಕ್ಕೆ ಗಂಟು ಹಾಕುವ ‘ಅಂತೆ’, ‘ಹಾಗೆ’, ‘ವೋಲ್’ ವಾಚಕಪದ. ನಾಲ್ಕೂ ಇದ್ದರೆ ಪೂರ್ಣೋಪಮೆ, ಒಂದು ಕೈಕೊಟ್ಟರೂ ಲುಪ್ತೋಪಮೆ. ದಂಡಿಗೆ ಗೊತ್ತಿಲ್ಲದ ಐದನೆಯ ಅಂಗವೊಂದಿದೆ, ಸಮನ್ವಯ. ‘ಹೋಲಿಸಿ ವರ್ಣಿಸಿರುವುದರಿಂದ ಇದು ಉಪಮಾಲಂಕಾರ’ ಎಂದು ಕೊನೆಗೆ ಬರೆದವನಿಗೆ ಉಪಮೆ ಅರ್ಥವಾಗದಿದ್ದರೂ ನಡೆಯುತ್ತದೆ.

ಇನ್ನು ಪೂರ್ವಪಕ್ಷ. ‘ಅಂತೆ ಕಂಡಲ್ಲಿ ಉಪಮೆ’ ಎಂಬುದು ತರಗತಿಗಳಲ್ಲಿ ಬಾಯಿಂದ ಬಾಯಿಗೆ ಬಂದ ಸೂತ್ರ. ಇದನ್ನು ನಂಬಿದ ಬಾಲಕನ ಮುಂದೆ ‘ನಾಳೆ ಮಳೆಗೆ ರಜೆಯಂತೆ’ ಎಂಬ ವಾಕ್ಯ ಇಡಿ. ಉಪಮೇಯ ನಾಳೆ, ಉಪಮಾನ ರಜೆ, ವಾಚಕ ಅಂತೆ, ಸಮಾನಧರ್ಮ ಸಂತೋಷ ಎಂದು ನಾಲ್ಕು ಸಾಲು ಬರೆದು, ಸ್ಕೇಲಿಟ್ಟು ಅಡಿಗೆರೆ ಎಳೆಯುತ್ತಾನೆ. ಅದು ಗಾಳಿಸುದ್ದಿಯ ಅಂತೆ, ಹೋಲಿಕೆಯದ್ದಲ್ಲ ಎಂಬ ಆಕ್ಷೇಪ ಅವನಿಗೆ ಸಲ್ಲದು, ಸಂತೋಷವಂತೂ ನಿಜವಾದದ್ದೇ. ಇದೇ ಸೂತ್ರ ಹಿಡಿದರೆ, ‘ಸದ್ದಾಗದಂತೆ ಕೂತ್ಕೊಳ್ಳಿ’ ಎಂದು ದಿನವಿಡೀ ಕೂಗುವ ಮೇಷ್ಟ್ರು ಜೈಮಿನಿ ಭಾರತದ ಲಕ್ಷ್ಮೀಶನಿಂದ ‘ಉಪಮಾಲೋಲ’ ಬಿರುದನ್ನು ಕಿತ್ತುಕೊಳ್ಳಬೇಕಾದೀತು. ಅತ್ತ ‘ತಾವರೆಗಣ್ಣಿ’ಯಲ್ಲಿ ಉಪಮೆ ಅಡಗಿದ್ದರೂ ಅಂತೆ ಇಲ್ಲದ ತಪ್ಪಿಗೆ ಬಾಲಕ ಆಕೆಯನ್ನು ತಿರುಗಿಯೂ ನೋಡುವುದಿಲ್ಲ. ಸಿದ್ಧಾಂತ ಇಷ್ಟೇ: ಮಗು ಮೊದಲು ಹೋಲುವ ಎರಡು ವಸ್ತು ಹುಡುಕಲಿ, ಅಂತೆ ಆಮೇಲೆ.

ಉಪಮಾನಗಳ ದಾಸ್ತಾನು ಇನ್ನೂ ಶೋಚನೀಯ. ಮುಖವಿದ್ದರೆ ಕಮಲ, ಇಲ್ಲದಿದ್ದರೆ ಚಂದ್ರ. ಭೀಮ ದುರ್ಯೋಧನರು ವರ್ಷ ವರ್ಷವೂ ಮದಗಜಗಳಾಗಿಯೇ ಕಾದಾಡುತ್ತಿದ್ದಾರೆ, ಒಮ್ಮೆಯಾದರೂ ಟಗರುಗಳಾಗಿದ್ದಿಲ್ಲ. ಜಾತ್ರೆಯಲ್ಲಿ ಟಗರಿನ ಕಾಳಗ ನೋಡಿ ಬಂದ ಹುಡುಗ ಉತ್ತರಪತ್ರಿಕೆಯಲ್ಲಿ ತಾನು ಕಾಣದ ಆನೆಗೆ ಮದ ಬರಿಸಬೇಕು. ಕರಾವಳಿಯವನು ಕೋಳಿ ಅಂಕ ಕಂಡಿದ್ದಾನೆ, ಆದರೆ ಆ ಅಂಕಕ್ಕೆ ಅಂಕವಿಲ್ಲ.

ವಿಚಿತ್ರವೆಂದರೆ ಇವೇ ಮಕ್ಕಳು ಶಾಲೆಗೆ ಹೊರಡುವ ಮೊದಲೇ ಮನೆಯಲ್ಲಿ ಪೂರ್ಣೋಪಮೆಗಳ ಮಳೆಯಲ್ಲಿ ನೆನೆದಿರುತ್ತಾರೆ. ‘ಕುಂಭಕರ್ಣನ ಹಾಗೆ ಬಿದ್ಕೊಂಡಿದೀಯಲ್ಲೋ’, ‘ಕೋಣನ ಹಾಗೆ ಬೆಳ್ದಿದೀಯ’, ‘ಕೋತಿ ಹಾಗೆ ಕುಣೀಬೇಡ್ವೇ’. ಇಲ್ಲೊಂದು ಶಾಸ್ತ್ರಭೇದ ಗಮನಾರ್ಹ. ದಂಡಿಯ ನಿಂದೋಪಮೆಯಲ್ಲಿ ನಿಂದೆ ಉಪಮಾನಕ್ಕೆ: ತಾವರೆಗೆ ಧೂಳು, ಚಂದ್ರನಿಗೆ ಕ್ಷಯ. ಕನ್ನಡ ಮನೆಯ ನಿಂದೋಪಮೆಯಲ್ಲಿ ಕೋಣನ ಮಾನಕ್ಕೆ ಕುಂದಿಲ್ಲ, ಬೈಗುಳವೆಲ್ಲ ಉಪಮೇಯಕ್ಕೆ. ಸಮಾನಧರ್ಮ ಯಾವುದೆಂದು ಯಾವ ಮಗುವೂ ಕೇಳಿದ್ದಿಲ್ಲ. ಏಟು ಬೀಳುವ ಮೊದಲೇ ಅರ್ಥವಾಗಿರುತ್ತದೆ. ಅಲಂಕಾರ ಕಲಿಸುವವರು ಹಲಗೆಯ ಮೇಲೆ ಕಮಲ ಬರೆಯುವ ಬದಲು ‘ಬೆಳಿಗ್ಗೆ ಏನೇನು ಬೈಸಿಕೊಂಡೆ, ಹೇಳು’ ಎಂದರೆ ಸಾಕು, ಒಂದು ಪೀರಿಯಡ್ಡಿಗಾಗುವಷ್ಟು ಉದಾಹರಣೆ ಸಿಗುತ್ತದೆ.

ಕಡೆಯದಾಗಿ ಪ್ರಯೋಗ. ‘ಸ್ವಂತ ಉಪಮೆ ಬರೆಯಿರಿ’ ಎಂದಾಗ ಒಬ್ಬ ಹುಡುಗ ಬರೆದ: ‘ನಮ್ಮ ಮೇಷ್ಟ್ರ ಸ್ಕೂಟರು ದಮ್ಮಿನ ತಾತನ ಹಾಗೆ ಕೆಮ್ಮುತ್ತದೆ.’ ಉಪಮೇಯ ಸ್ಕೂಟರು, ಉಪಮಾನ ತಾತ, ಧರ್ಮ ಕೆಮ್ಮು, ವಾಚಕ ಹಾಗೆ. ಶಾಸ್ತ್ರ ಇದರಲ್ಲಿ ಎಲ್ಲಿಯೂ ಕುಂದು ಕಾಣದು. ಮೇಷ್ಟ್ರು ಕೆಂಪು ಶಾಯಿಯಲ್ಲಿ ಸೊನ್ನೆ ಸುತ್ತಿ, ಪಕ್ಕದಲ್ಲಿ ‘ಕಮಲ?’ ಎಂದು ಬರೆದಿದ್ದಾರೆ. ಪ್ರಬಂಧಕಾರನ ವಿನಂತಿ ಒಂದೇ: ಆ ಹುಡುಗನ 3 ಅಂಕ ಅವನಿಗೆ ಕೊಡಿ, ಸ್ಕೂಟರನ್ನು ರಿಪೇರಿಗೆ ಬಿಡಿ.