ಶಾಲಾ ಕಿರುಚಿತ್ರ ಮೀಮಾಂಸೆ: ಜಿನನಾಥಪುರವನ್ನು ಅನುಲಕ್ಷಿಸಿ ಒಂದು ಬಹುಶಿಸ್ತೀಯ ಅನುಸಂಧಾನ

1. ಲಕ್ಷಣ ನಿರೂಪಣೆ

ಅಮ್ಮನ ಫೋನು, ಐದು ನಿಮಿಷದ ಮಿತಿ ಮತ್ತು "ಸೋಮವಾರ ಕೊನೇ ದಿನ" ಎಂಬ ಸುತ್ತೋಲೆ, ಈ ಮೂರರ ಸಂಯೋಗದಿಂದ ಪ್ರೌಢಶಾಲಾ ವಿದ್ಯಾರ್ಥಿಯಲ್ಲಿ ನಿಷ್ಪನ್ನವಾಗುವ ಚಿತ್ತವಿಕಾರಕ್ಕೆ ಶಾಲಾ ಕಿರುಚಿತ್ರವೆಂದು ಹೆಸರು. ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವ ಎಂಬ ಮೂರು ದೋಷಗಳಿಂದಲೂ ಈ ಲಕ್ಷಣ ಮುಕ್ತವಾಗಿದೆ. ಚಿತ್ರೀಕರಣದ ನಡುವೆ ಬರುವ ಚಿಕ್ಕಮ್ಮನ ಕರೆಯನ್ನು ಲಕ್ಷಣದ ಒಳಗೆ ಸೇರಿಸಬೇಕೋ ಹೊರಗಿಡಬೇಕೋ ಎಂಬಲ್ಲಿ ಮಾತ್ರ ವಿದ್ವಾಂಸರಲ್ಲಿ, ಅಂದರೆ ನನಗೂ ಅಮ್ಮನಿಗೂ, ಭಿನ್ನಾಭಿಪ್ರಾಯವಿದೆ.

ಪ್ರಸ್ತುತ ಸಂಶೋಧಕಿಯು ಒಂಬತ್ತನೇ ತರಗತಿಯಲ್ಲಿದ್ದಾಗ ಇಂಥದೊಂದು ಚಿತ್ರದ ನಿರ್ಮಾಪಕಿಯೂ ಸಂಕಲನಕಾರ್ತಿಯೂ ಆಗಿದ್ದವಳು. ಶಾಲೆಯ ಹೆಸರನ್ನು ಸಂಶೋಧನಾ ನೀತಿಗೆ ಅನುಗುಣವಾಗಿ ಮರೆಮಾಚಲಾಗಿದೆ. ಚಿತ್ರದಲ್ಲೇ ಅದು ಬೇಕಾದಷ್ಟು ಸಲ ಬಂದಿರುವುದರಿಂದ ಯಾರಿಗೂ ನಷ್ಟವಿಲ್ಲ. ನಿರ್ಮಾಪಕಿ ಎಂದರೆ ಬಂಡವಾಳ ಹಾಕುವವಳು ಎಂಬ ಲೌಕಿಕಾರ್ಥವನ್ನೇ ಇಲ್ಲಿ ಗ್ರಹಿಸತಕ್ಕದ್ದು: ಬಸ್ ಚಾರ್ಜು, ಡೇಟಾ ಪ್ಯಾಕು, ನಟವರ್ಗಕ್ಕೆ ಚುರುಮುರಿ.

2. ತಾತ್ವಿಕ ಚೌಕಟ್ಟು

ಚೌಕಟ್ಟಿಲ್ಲದ ಅಧ್ಯಯನ ಕನ್ನಡದಲ್ಲಿ ನಿಷಿದ್ಧ. ಆದ್ದರಿಂದ ಸುತ್ತೋಲೆಯನ್ನೇ ಆಕರವಾಗಿ ಪರಿಭಾವಿಸಲಾಗಿದೆ. "ನಮ್ಮ ಊರು, ನಮ್ಮ ಪರಂಪರೆ" ಎಂಬ ಶೀರ್ಷಿಕೆಯ ಕೆಳಗೆ ಅನುಭವಾತ್ಮಕ ಕಲಿಕೆಯ ನೆಲೆಯಲ್ಲಿ, ಸಹಯೋಗ ಸಂವಹನ ಸೃಜನಶೀಲತೆ ವಿಮರ್ಶಾತ್ಮಕ ಚಿಂತನೆಗಳೆಂಬ 21ನೇ ಶತಮಾನದ ಕೌಶಲಗಳನ್ನು ಸಮಗ್ರವಾಗಿಯೂ ಸಮನ್ವಿತವಾಗಿಯೂ ಮೈಗೂಡಿಸಿಕೊಳ್ಳುವ ದಿಸೆಯಲ್ಲಿ ಎಂದು ಹೊರಟ ವಾಕ್ಯ ಪುಟದ ತುದಿ ಮುಟ್ಟಿದರೂ ನಿಲ್ಲಲಿಲ್ಲ. ಕ್ರಿಯಾಪದ ಸಿಕ್ಕಿದ್ದು ಹಾಳೆಯ ಹಿಂಬದಿಯಲ್ಲಿ. ಅದು "ತಕ್ಕದ್ದು" ಎಂದಿತ್ತು.

ಇದಕ್ಕೆ ಚಾರಿತ್ರಿಕ ಹಿನ್ನೆಲೆಯುಂಟು. ರಾಷ್ಟ್ರೀಯ ಶಿಕ್ಷಣ ನೀತಿ ಬಂದ 2020ರಲ್ಲೇ ಸಿಬಿಎಸ್‌ಇ ಮಂಡಳಿಯು ಒಂದರಿಂದ ಹತ್ತನೇ ತರಗತಿವರೆಗೆ ಕಲಾ ಸಂಯೋಜಿತ ಪ್ರಾಜೆಕ್ಟನ್ನು ಕಡ್ಡಾಯ ಮಾಡಿತು. "ಏಕ ಭಾರತ ಶ್ರೇಷ್ಠ ಭಾರತ" ಯೋಜನೆಯಲ್ಲಿ ಕರ್ನಾಟಕಕ್ಕೆ ಜೋಡಿಯಾಗಿ ಸಿಕ್ಕ ರಾಜ್ಯ ಉತ್ತರಾಖಂಡ. ಹೀಗಾಗಿ ಶ್ರವಣಬೆಳಗೊಳದ ಚಿಕ್ಕಬೆಟ್ಟದ ಹಿಂದೆ ಏನಿದೆ ಎಂದು ನೋಡದ ನಾವು, ಕೇದಾರನಾಥದ ಹಿಂದೆ ಏನಿದೆ ಎಂಬುದನ್ನು ಥರ್ಮಾಕೋಲಿನಲ್ಲಿ ಮಾಡಿ ತೋರಿಸಿ ಅಂಕ ಪಡೆದಿದ್ದೆವು.

3. ಕ್ಷೇತ್ರ

ಚಿಕ್ಕಬೆಟ್ಟದ ಹಿಂದೆ ಇರುವುದು ಜಿನನಾಥಪುರ. ವಿಷ್ಣುವರ್ಧನನ ದಂಡನಾಯಕ ಗಂಗರಾಜ 12ನೇ ಶತಮಾನದ ಆರಂಭದಲ್ಲಿ ಕಟ್ಟಿಸಿದ ಊರು. ಇಲ್ಲಿನ ಶಾಂತಿನಾಥ ಬಸದಿಯನ್ನು ಸುಮಾರು 1200ರ ಹೊತ್ತಿಗೆ ಮಾಡಿಸಿದವನು ರೇಚಿಮಯ್ಯ; ಕಲಚುರಿಗಳ ಬಳಿ ಇದ್ದು ಆಮೇಲೆ ಇಮ್ಮಡಿ ಬಲ್ಲಾಳನ ಕಡೆಗೆ ಬಂದ ದಂಡನಾಯಕ. ಅವನಿಗೆ "ವಸುಧೈಕಬಾಂಧವ" ಎಂಬ ಬಿರುದಿತ್ತು. ಬಸದಿಯ ಹೊರಗೋಡೆಯಲ್ಲಿ ಜಿನರು, ಯಕ್ಷ ಯಕ್ಷಿಯರು, ಸರಸ್ವತಿ, ಮನ್ಮಥ, ಮೋಹಿನಿ, ಮದ್ದಳೆಯವರು, ಕುಣಿಯುವವರು ಸಾಲಾಗಿ ನಿಂತಿದ್ದಾರೆ. ಬೇಲೂರು ಹಳೇಬೀಡಿನಲ್ಲಿ ಕತ್ತು ನೋಯುವಷ್ಟು ಮೇಲೆ ನೋಡುವ ಕೆಲಸವನ್ನು ಇಲ್ಲಿ ಎದುರು ನಿಂತು ಮಾಡಬಹುದು.

ಯಾತ್ರಿಕರು ದೊಡ್ಡಬೆಟ್ಟದ ಆರುನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತಿ, ಗೊಮ್ಮಟನಿಗೆ ಕೈಮುಗಿದು, ಇಳಿದು, ಎಳನೀರು ಕುಡಿದು ಹೊರಟುಬಿಡುತ್ತಾರೆ. 12 ವರ್ಷಕ್ಕೊಮ್ಮೆ ಮಹಾಮಸ್ತಕಾಭಿಷೇಕಕ್ಕೆ ಲಕ್ಷಗಟ್ಟಲೆ ಜನ ಬಂದಾಗಲೂ, 2018ರಲ್ಲಿ ದೇಶದ ಚಾನೆಲ್ಲುಗಳೆಲ್ಲ ಇಲ್ಲೇ ಬೀಡುಬಿಟ್ಟಾಗಲೂ, ಕ್ಯಾಮೆರಾಗಳು ಚಿಕ್ಕಬೆಟ್ಟದ ಈಚೆಗೇ ನಿಂತವು. ಹಾಗಾಗಿ ನಮ್ಮ ಗುಂಪು ಈ ಊರನ್ನೇ ಆರಿಸಿಕೊಂಡಿತು. ಗುಂಪಿನ ಒಬ್ಬ ಹುಡುಗನ ಸೋದರತ್ತೆಯ ಮನೆ ಅಲ್ಲಿದ್ದು ಮಧ್ಯಾಹ್ನದ ಊಟಕ್ಕೆ ಅನುಕೂಲವಿತ್ತು ಎಂಬುದು ಪೂರಕ ಕಾರಣ.

4. ಪೂರ್ವಸೂರಿಗಳ ಸಮೀಕ್ಷೆ

ಮಕ್ಕಳು ಸಿನಿಮಾ ಮಾಡಲಾರರು ಎಂಬ ಪೂರ್ವಪಕ್ಷಕ್ಕೆ ಬೆಂಗಳೂರಿನ ಮಾಸ್ಟರ್ ಕಿಶನ್ ಉತ್ತರ. 2006ರಲ್ಲಿ ತೆರೆಕಂಡ "ಕೇರ್ ಆಫ್ ಫುಟ್‌ಪಾತ್" ನಿರ್ದೇಶಿಸುವಾಗ ಅವನಿಗೆ ಸಂಶೋಧಕಿಗಿಂತ ಕಡಿಮೆ ವಯಸ್ಸು. ಆ ಚಿತ್ರಕ್ಕೆ ಮಕ್ಕಳ ಚಿತ್ರದ ರಾಷ್ಟ್ರಪ್ರಶಸ್ತಿ ಬಂತು. ಹಳ್ಳಿಯವರ ಮಾತು ಪರದೆಗೆ ಸಲ್ಲದು ಎಂಬ ಎರಡನೇ ಪೂರ್ವಪಕ್ಷಕ್ಕೆ ಪಕ್ಕದ ಮಂಡ್ಯ ಜಿಲ್ಲೆಯ "ತಿಥಿ" ಉತ್ತರ. ನಟನೆಯ ಗಂಧವೇ ಇಲ್ಲದ ಊರ ಜನ ತಮ್ಮದೇ ಭಾಷೆಯಲ್ಲಿ ಮಾತಾಡಿದ ಆ ಚಿತ್ರ 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊದಲ್ಲಿ ಬಹುಮಾನ ಗೆದ್ದಿತು. ಈ ಎರಡನೇ ಪೂರ್ವಪಕ್ಷ ಮುಂದೆ ಏಳನೇ ವಿಭಾಗದಲ್ಲಿ ಮತ್ತೆ ತಲೆಯೆತ್ತಲಿರುವುದರಿಂದ ಓದುಗರು ನೆನಪಿಟ್ಟುಕೊಳ್ಳಬೇಕು.

ಆದರೆ ನಮ್ಮ ಶಾಸ್ತ್ರದ ಆದ್ಯಾಚಾರ್ಯ ದಾಸೋಜ. ಚಿಕ್ಕಬೆಟ್ಟದ ಚಂದ್ರಗುಪ್ತ ಬಸದಿಯ ಬಾಗಿಲಿನ ಎರಡೂ ಬದಿಯ ಕಲ್ಲಿನ ಜಾಲಂಧ್ರಗಳಲ್ಲಿ ಭದ್ರಬಾಹು ಮತ್ತು ಚಂದ್ರಗುಪ್ತರ ಕಥೆಯನ್ನು 90 ಪುಟ್ಟ ಚೌಕಗಳಲ್ಲಿ ಕಡೆದು ಜೋಡಿಸಿದ್ದಾರೆ. ಒಂದೊಂದು ಚೌಕ ಒಂದೊಂದು ದೃಶ್ಯ; ಸಿನಿಮಾದವರು ಸ್ಟೋರಿಬೋರ್ಡ್ ಎನ್ನುವುದು ಇದನ್ನೇ. ಮುಖ್ಯವಾದ ಸಂಗತಿ ಬೇರೆ ಇದೆ: ದಾಸೋಜ ಎಂಬ ಹೆಸರು ಅಲ್ಲೇ ಕಲ್ಲಿನ ಮೇಲಿದೆ.

5. ಕಚ್ಚಾ ದೃಶ್ಯಗಳ ವರ್ಗೀಕರಣ

ಚಿತ್ರೀಕರಣದಿಂದ ಲಭ್ಯವಾದ ದೃಶ್ಯಗಳು ಸ್ಥೂಲವಾಗಿ ಒಂಬತ್ತು ಬಗೆ.

(ಅ) ಕಂಪಿತ: ಸಂರಕ್ಷಿತ ಸ್ಮಾರಕದಲ್ಲಿ ಟ್ರೈಪಾಡ್ ನಿಲ್ಲಿಸಲು ಪುರಾತತ್ವ ಇಲಾಖೆಯ ಅನುಮತಿ ಬೇಕು. ಅನುಮತಿಗೆ ಅರ್ಜಿ ಬೇಕು. ಅರ್ಜಿಗೆ ಸಮಯ ಬೇಕು. ಸೋಮವಾರ ಕೊನೇ ದಿನ. ಆದ್ದರಿಂದ ಕೈ, ಆದ್ದರಿಂದ ಕಂಪನ.

(ಆ) ಅಂಗುಷ್ಠಾವೃತ: ಛಾಯಾಗ್ರಾಹಕನ ಹೆಬ್ಬೆರಳು ಮೂಲೆಯಲ್ಲಿ ಉದಯಿಸಿರುವುದು. ಉಪಪ್ರಭೇದಗಳು: ಅರ್ಧೋದಯ, ಪೂರ್ಣೋದಯ.

(ಇ) ವಾತಗ್ರಸ್ತ: ಬಯಲ ಗಾಳಿ ಮೈಕಿನೊಳಗೆ ನುಗ್ಗಿ, ಶಾಂತಿನಾಥನ ಬಗ್ಗೆ ಹೇಳುವ ಮಾತೆಲ್ಲ ಲಾರಿ ಸ್ಟಾರ್ಟ್ ಆಗುವ ಸದ್ದಾಗಿ ಕೇಳುವುದು. ಫೋನಿನ ಮೈಕಿಗೆ ಕರ್ಚೀಫು ಸುತ್ತುವುದು ಇದಕ್ಕೆ ಚಿಕಿತ್ಸೆ.

(ಈ) ಲಂಬಮಾನ: ಫೋನನ್ನು ಉದ್ದಕ್ಕೆ ಹಿಡಿದು ತೆಗೆದದ್ದು. ಪರದೆಯ ಎರಡು ಪಕ್ಕ ಕಪ್ಪು, ನಡುವೆ ಒಂದು ಸರಸ್ವತಿ.

(ಉ) ವಿಸಂವಾದಿ: ಫೋನುಗಳಲ್ಲಿ ಸೆಕೆಂಡಿಗೆ ಇಷ್ಟೇ ಚೌಕಟ್ಟು ಎಂಬ ನಿಯಮ ಗಟ್ಟಿಯಾಗಿ ನಿಲ್ಲುವುದಿಲ್ಲ; ಬೆಳಕು ಕಡಿಮೆಯಾದರೆ ಅದೂ ಇಳಿಯುತ್ತದೆ. ಹಾಗಾಗಿ ಬೇರೆಯಾಗಿ ದಾಖಲಿಸಿದ ಧ್ವನಿಯನ್ನು ಜೋಡಿಸಿದಾಗ ತುಟಿ ಮುಂದೆ, ಮಾತು ಹಿಂದೆ.

(ಊ) ವಾಟ್ಸಾಪ್‌ಜೀರ್ಣ: ಗೆಳತಿ ಪ್ರೀತಿಯಿಂದ ವಾಟ್ಸಾಪಿನಲ್ಲಿ ಕಳಿಸಿದ್ದರಿಂದ ಗಾತ್ರ ಕುಗ್ಗಿ, ಯಕ್ಷಿಯ ಮೂಗು ಕರಗಿರುವುದು. ಡಾಕ್ಯುಮೆಂಟ್ ಎಂದು ಕಳಿಸಿದ್ದರೆ ಮೂಗು ಉಳಿಯುತ್ತಿತ್ತು.

(ಋ) ಇನ್ನೂ ಮೂರಿವೆ. ಬರೆಯುವುದಿಲ್ಲ. ಒಂಬತ್ತೆಂದು ಯಾಕೆ ಹೇಳಿದೆ ಎಂದರೆ, ನವರಸ ನವಗ್ರಹಗಳ ನಾಡಿನಲ್ಲಿ ಆರು ಎಂದರೆ ಪ್ರಬಂಧ ತಿರಸ್ಕೃತವಾಗುತ್ತದೆ.

6. ಸಂಕಲನ ಸಿದ್ಧಾಂತ

ರಷ್ಯಾದ ಲೆವ್ ಕುಲೆಶೋವ್ 1920ರ ಸುಮಾರಿಗೆ ಒಂದು ಪ್ರಯೋಗ ಮಾಡಿದ. ಭಾವವೇ ಇಲ್ಲದ ಒಂದೇ ಮುಖದ ಚಿತ್ರವನ್ನು ಒಮ್ಮೆ ಸೂಪಿನ ತಟ್ಟೆಯ ಪಕ್ಕ, ಒಮ್ಮೆ ಶವಪೆಟ್ಟಿಗೆಯ ಪಕ್ಕ ಜೋಡಿಸಿದ. ನೋಡಿದವರು ಮೊದಲನೆಯದರಲ್ಲಿ ಹಸಿವು ಕಂಡರು, ಎರಡನೆಯದರಲ್ಲಿ ದುಃಖ ಕಂಡರು. ಮುಖ ಬದಲಾಗಿರಲಿಲ್ಲ, ಪಕ್ಕದ್ದು ಬದಲಾಗಿತ್ತು.

ಈ ಸಿದ್ಧಾಂತದ ಪುನರ್‌ಪರೀಕ್ಷೆ ನಮ್ಮ ತಾಲ್ಲೂಕಿನಲ್ಲಿ ಅನಿವಾರ್ಯವಾಗಿ ನಡೆಯಿತು. ಆಡಳಿತ ಮಂಡಳಿಯ ಅಧ್ಯಕ್ಷರು ಚಿತ್ರದಲ್ಲಿ ಆದಿ, ಮಧ್ಯ, ಅಂತ್ಯಗಳಲ್ಲಿ ಕಾಣಿಸಿಕೊಳ್ಳತಕ್ಕದ್ದು ಎಂಬ ಸೂಚನೆ ಬಂದಾಗ ನಮ್ಮ ಬಳಿ ಇದ್ದದ್ದು ಅವರ ಒಂದೇ ನಗು. ಬಸದಿಯ ಆಚೆ ಅಂಟಿಸಿದಾಗ ಅದು ಪರಂಪರೆಯ ಅಭಿಮಾನವಾಯಿತು. ಊಟದ ದೃಶ್ಯದ ಆಚೆ ಅಂಟಿಸಿದಾಗ ಕಾರುಣ್ಯವಾಯಿತು. ನಾಯಿಮರಿಯೊಂದು ಓಡುವ ದೃಶ್ಯದ ಪಕ್ಕ ಹಾಗೇ ಉಳಿದುಹೋದ ಮೂರನೆಯ ನಗುವಿಗೆ ತರಗತಿಯಲ್ಲಿ ಚಪ್ಪಾಳೆ ಬಿತ್ತು. ಕುಲೆಶೋವ್ ಸರಿ ಎಂದು ಸಿದ್ಧವಾಯಿತು.

ಇನ್ನು ವಾಟರ್‌ಮಾರ್ಕ್ ಸಿದ್ಧಾಂತ. ಉಚಿತ ಆ್ಯಪ್ ತನ್ನ ಹೆಸರನ್ನು ಚಿತ್ರದ ಮೂಲೆಯಲ್ಲಿ ಮೊದಲ ಕ್ಷಣದಿಂದ ಕೊನೆಯ ಕ್ಷಣದವರೆಗೆ ಮುದ್ರಿಸುತ್ತದೆ. ದುಡ್ಡು ಕೊಟ್ಟರೆ ಅಳಿಸುತ್ತದೆ. ದುಡ್ಡು ಕೊಡಲಿಲ್ಲ. ಹೀಗೆ ನಮ್ಮ ಚಿತ್ರಕ್ಕಾಗಿ ದುಡಿದವರಲ್ಲಿ ಹೆಸರು ಉಳಿಸಿಕೊಂಡದ್ದು ಆ ಸಾಫ್ಟ್‌ವೇರ್ ಒಂದೇ.

7. ಪರಿಷ್ಕರಣ ಪ್ರಕ್ರಿಯೆಯ ಸಾಂಸ್ಕೃತಿಕ ರಾಜಕಾರಣ: ಕೆಲವು ನೆಲೆಗಳು

ಮೊದಲ ನೆಲೆ: ವೀಕ್ಷಣಾ ಸಮಿತಿ. ಎರಡನೇ ನೆಲೆ: ಉಪಸಮಿತಿ. ಮೂರನೇ ನೆಲೆ ಅಜ್ಜಿ. ನೆಲೆಗಳು ಇಲ್ಲಿಗೆ ಸಾಕು, ಅಜ್ಜಿಯ ವಿಷಯ ಹೇಳುತ್ತೇನೆ.

ಬಸದಿಯ ಬೀದಿಯ ಒಬ್ಬರು ಅಜ್ಜಿ ನಾವು ಗೋಡೆ ತೆಗೆಯುತ್ತಿದ್ದಾಗ ಬಂದು ನಿಂತರು. ಮದ್ದಳೆಯವನನ್ನು ತೋರಿಸಿ, "ಇವ್ನು ನಮ್ ತಾತನ್ ಥರಾನೇ ನಿಂತವ್ನೆ ಕಣವ್ವ, ಅದೇ ಕುತ್ಗೆ ಓರೆ. ನಾನ್ ಸಣ್ಣವ್ಳಿದ್ದಾಗ್ಲಿಂದ್ಲೂ ಬಾರಿಸ್ತಾನೇ ಅವ್ನೆ, ಒಂದ್ಸಲಾನೂ ಕೇಳಿಸ್ಕಂಡಿಲ್ಲ" ಎಂದು ನಕ್ಕರು. ಗಾಳಿ ಇರಲಿಲ್ಲ. ಹೆಬ್ಬೆರಳು ಬಂದಿರಲಿಲ್ಲ. ಕೈ ನಡುಗಿರಲಿಲ್ಲ. ನಾವು ತೆಗೆದದ್ದರಲ್ಲೆಲ್ಲ ಪೂರ್ತಿ ಸರಿಯಾಗಿ ಬಂದದ್ದು ಆ ಒಂದೇ ಶಾಟ್. ಇಡೀ ಚಿತ್ರವನ್ನು ಅದರ ಸುತ್ತ ಕಟ್ಟಿದ್ದೆ. ಅಜ್ಜಿ ನಕ್ಕ ಮೇಲೆ ಮದ್ದಳೆಯವನ ಮುಖಕ್ಕೆ ಕಟ್ ಮಾಡಿ, ಸಂಗೀತ ಪೂರ್ತಿ ನಿಲ್ಲಿಸಿದ್ದೆ.

ಸಮಿತಿಯ ಟಿಪ್ಪಣಿ ಹೀಗಿತ್ತು: ಸದರಿ ಮಹಿಳೆಯ ಭಾಷೆ ಸಂಸ್ಥೆಯ ಘನತೆಗೆ ಹೊಂದಿಕೆಯಾಗುವುದಿಲ್ಲ, ತೆಗೆಯುವುದು. ಆ ಜಾಗದಲ್ಲಿ ಇಂಗ್ಲಿಷ್ ವಿವರಣೆ ಹಾಕುವುದು. ಮೌನ ಇರುವ ಕಡೆ ಸ್ಫೂರ್ತಿದಾಯಕ ಸಂಗೀತ ಹಾಕುವುದು. ಶಾಲಾ ಕಟ್ಟಡದ ಡ್ರೋನ್ ದೃಶ್ಯ ಸೇರಿಸುವುದು.

"ಮಿಸ್, ಇದು ಊರಿನ ಬಗ್ಗೆ ಅಲ್ವಾ?" ಎಂದು ಕೇಳಿದೆ. ಮಿಸ್ ಕೆಟ್ಟವರಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೇಲಿನವರು ಹೇಳಿದ್ದಾರಮ್ಮ, ಮಾಡಿಬಿಡು" ಎಂದರು. ಮಾಡಿದೆ. ಡಿಲೀಟ್ ಒತ್ತಿದ್ದು ನನ್ನ ಬೆರಳೇ.

ಇಲ್ಲಿ ಶಾಸ್ತ್ರಭಾಷೆ ಕೈಕೊಡುತ್ತದೆ. ಯಾವ ಪರಂಪರೆಯ ಹೆಸರಿನಲ್ಲಿ ನಮ್ಮನ್ನು ಆ ಊರಿಗೆ ಕಳಿಸಿದರು? ಎಂಟುನೂರು ವರ್ಷದ ಗೋಡೆ ಪರಂಪರೆ, ಅದನ್ನು ದಿನವೂ ನೋಡಿಕೊಂಡು ಮುದುಕಿಯಾದವಳ ಮಾತು ಮಾತ್ರ ಘನತೆಗೆ ಕುಂದು. ನಮ್ಮ ಮನೆಯಲ್ಲೂ ಅದೇ ಮಾತು. ಅಪ್ಪ ಅದೇ ಮಾತಲ್ಲಿ ದುಡಿದು ಫೀಸು ಕಟ್ಟುತ್ತಾರೆ. ಫೀಸಿನ ಕೌಂಟರಿನಲ್ಲಿ ಆ ಮಾತಿಗೆ ಯಾರೂ ಆಕ್ಷೇಪ ಎತ್ತಿದ್ದಿಲ್ಲ. ಒಂಬತ್ತನೇ ತರಗತಿಯ ಮಕ್ಕಳಿಗೆ ವಿಮರ್ಶಾತ್ಮಕ ಚಿಂತನೆ ಕಲಿಸುತ್ತೇವೆಂದು ಪುಟಗಟ್ಟಲೆ ಬರೆದವರು, ಮಕ್ಕಳು ಚಿಂತಿಸಿ ಮಾಡಿದ ಒಂದೇ ಒಂದು ಕಟ್ಟನ್ನು ಉಳಿಸಲಿಲ್ಲ. ಇಷ್ಟೆಲ್ಲ ಆದಮೇಲೆ ರೂಬ್ರಿಕ್ಕಿನಲ್ಲಿ ಸೃಜನಶೀಲತೆಗೆ ಪೂರ್ಣ ಅಂಕ ಬಂತು. ಯಾರ ಸೃಜನಶೀಲತೆಗೆ ಎಂದು ಬರೆದಿರಲಿಲ್ಲ.

8. ನಾಮಾವಳಿ

ಚಿತ್ರದ ಕೊನೆಯ ಹೆಸರುಗಳು ದೇವರ ಅಷ್ಟೋತ್ತರದಂತೆ ಇದ್ದವು: ಅಧ್ಯಕ್ಷರು, ಕಾರ್ಯದರ್ಶಿಗಳು, ಖಜಾಂಚಿಗಳು, ಪ್ರಾಂಶುಪಾಲರು, ಸಂಯೋಜಕರು. ಕೊನೆಯಲ್ಲಿ "ಮತ್ತು ವಿದ್ಯಾರ್ಥಿಗಳು". ನಿರ್ದೇಶನ ಮಾಡಿದವನು, ಹೆಬ್ಬೆರಳಿನ ಛಾಯಾಗ್ರಾಹಕ, ಕರ್ಚೀಫು ಹಿಡಿದು ನಿಂತವಳು, ಸಂಶೋಧಕಿ, ಎಲ್ಲರೂ ಆ "ಮತ್ತು" ಒಳಗೆ ಇದ್ದೇವೆ. ಅಜ್ಜಿ ಅಲ್ಲೂ ಇಲ್ಲ.

ರೇಚಿಮಯ್ಯನ ಹೆಸರು ಶಾಂತಿನಾಥನ ಪೀಠದಲ್ಲಿದೆ. ಇರಬೇಕಾದ್ದೇ, ದುಡ್ಡು ಹಾಕಿದವನು. ಆದರೆ ಅದೇ ಹೊಯ್ಸಳರ ಕಾಲದಲ್ಲಿ ಬೇಲೂರಿನ ಮದನಿಕೆಯ ಪಾದದ ಬಳಿ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ತಮ್ಮ ಹೆಸರು, ಊರು ಕೆತ್ತಿಕೊಂಡರು. ವಸುಧೈಕಬಾಂಧವನಂಥವರು ದಂಡನಾಯಕರಾಗಿದ್ದ, ವಿಷ್ಣುವರ್ಧನ ಬಲ್ಲಾಳರಂಥವರು ಆಳಿದ ಕಾಲ ಅದು. ಆಗಲೂ ಉಳಿ ಹಿಡಿದವನನ್ನು ಯಾರೂ "ಮತ್ತು ಕಲ್ಲುಕುಟಿಗರು" ಎಂದು ಒಂದೇ ಸಾಲಿಗೆ ಕಟ್ಟಿ ಹಾಕಿರಲಿಲ್ಲ.

9. ಶಿಫಾರಸುಗಳು

ಸಂಶೋಧನಾ ಪ್ರಬಂಧಗಳ ಶಿಫಾರಸುಗಳನ್ನು ಯಾರೂ ಓದುವುದಿಲ್ಲವಾದ್ದರಿಂದ ಇವನ್ನು ಧೈರ್ಯವಾಗಿ ಬರೆಯಬಹುದು.

ಮಕ್ಕಳ ಚಿತ್ರದ ಕೊನೆಯ ಕತ್ತರಿ ಮಕ್ಕಳ ಕೈಯಲ್ಲೇ ಇರಲಿ. ತಪ್ಪಿದ್ದರೆ ಅಂಕ ಕಡಿಮೆ ಕೊಡಿ, ದೃಶ್ಯ ಕತ್ತರಿಸಬೇಡಿ. ಮಾಡಿದ ಕೆಲಸದ ಪಕ್ಕ ಮಾಡಿದವರ ಹೆಸರು ಹಾಕಿ. ಶುಭಾಶಯ ಸಂದೇಶಕ್ಕೆ ಬೇರೆ ವಿಡಿಯೊ ಮಾಡಿಕೊಳ್ಳಿ; ಬೇಕಾದರೆ ಅದನ್ನೂ ನಾವೇ ಎಡಿಟ್ ಮಾಡಿಕೊಡುತ್ತೇವೆ, ನಗು ಹೇಗೂ ಇದೆ. ಸಿನಿಮಾವನ್ನು ಶಾಲೆಯ ಸಭಾಂಗಣದಲ್ಲಿ ತೋರಿಸುವ ಮೊದಲು, ಯಾವ ಊರಿನಲ್ಲಿ ತೆಗೆದಿರೋ ಆ ಊರಿನಲ್ಲಿ ತೋರಿಸಿ. ಜಿನನಾಥಪುರದಲ್ಲಿ ನಮ್ಮ ಚಿತ್ರವನ್ನು ಇವತ್ತಿಗೂ ಯಾರೂ ನೋಡಿಲ್ಲ.

ಅಜ್ಜಿಯ ಶಾಟ್ ಅಮ್ಮನ ಫೋನಿನಲ್ಲಿ ಹಾಗೇ ಇದೆ. ಕತ್ತರಿಸಿದ್ದು ಪ್ರಾಜೆಕ್ಟಿನಿಂದ ಮಾತ್ರ. ನೀವು ಗೊಮ್ಮಟನನ್ನು ನೋಡಲು ಬಂದಾಗ ಎಳನೀರು ಕುಡಿದು ಹಾಗೇ ಹೊರಡಬೇಡಿ. ಚಿಕ್ಕಬೆಟ್ಟ ಬಳಸಿಕೊಂಡು ಈ ಕಡೆ ಬನ್ನಿ, ಗೋಡೆಯ ಮದ್ದಳೆಯವನನ್ನು ನೋಡಿ, ಬೀದಿಯಲ್ಲಿ ಯಾರಾದರೂ ಹಿರಿಯರು ಮಾತಾಡಿಸಿದರೆ ನಿಂತು ಕೇಳಿ.